ರೋಬೋ ದನಿಯೇ ಇರಲಿ ಅನ್ನುವವರು ಯಾಕಿದ್ದಾರೆ?

ನಮ್ಮ ಮೆಟ್ರೋದಲ್ಲಿ ಓಡಾಡಿದವರಿಗೆಲ್ಲ ಅಪರ್ಣಾ ಅವರ ದನಿ ಗೊತ್ತು. 2024ರ ಜುಲೈನಲ್ಲಿ ಅವರು ತೀರಿಕೊಂಡಾಗ ಎಷ್ಟೋ ಜನ ಮೊದಲು ನೆನೆಸಿಕೊಂಡದ್ದು ಆ ದನಿಯನ್ನೇ. ತಿಳಿಯಾದ ಕನ್ನಡ, ಹದವಾದ ವೇಗ, ಒಂದಕ್ಷರವೂ ನುಂಗಿಹೋಗದ ಉಚ್ಚಾರ. ಕನ್ನಡದ ಕಿವಿಗೆ ಒಳ್ಳೆಯ ದನಿ ಅಂದರೆ ಹೀಗಿರಬೇಕು. ಕಂಪ್ಯೂಟರ್ ಮಾತಾಡಿದರೂ ಹೀಗೇ ಮಾತಾಡಲಿ ಅಂತ ತಾನೇ ಯಾರಾದರೂ ಕೇಳುವುದು?

ಎಲ್ಲರೂ ಹಾಗೆ ಕೇಳುವುದಿಲ್ಲ. ದಿನವಿಡೀ ಕಂಪ್ಯೂಟರಿನ ದನಿ ಕೇಳುತ್ತಲೇ ಕೆಲಸ ಮಾಡುವವರಿದ್ದಾರೆ. ಮುಖ್ಯವಾಗಿ, ಕಣ್ಣು ಕಾಣದ ಕಾರಣ ಸ್ಕ್ರೀನ್ ರೀಡರ್ ಬಳಸುವವರು. ಪರದೆ ಮೇಲಿರುವ ಅಕ್ಷರ, ಬಟನ್, ಮೆನು ಎಲ್ಲವನ್ನೂ ಓದಿ ಹೇಳುವ ಸಾಫ್ಟ್‌ವೇರ್ ಅದು. ಮನುಷ್ಯರ ಹಾಗೇ ಮಾತಾಡುವ ಹೊಸ ದನಿ ಈಗ ಪುಕ್ಕಟೆ ಸಿಗುತ್ತದೆ. ಆದರೂ ಇವರಲ್ಲಿ ಬಹಳ ಜನ ಮೂಗಿನಲ್ಲಿ ಮಾತಾಡುವ ಹಳೇ ರೋಬೋ ದನಿಯನ್ನೇ ಇಟ್ಟುಕೊಂಡಿದ್ದಾರೆ. ಪಕ್ಕದಲ್ಲಿ ಕೂತು ಮೊದಲ ಸಲ ಅದನ್ನು ಕೇಳಿದವರು, 'ಇದನ್ನ ಹೇಗ್ರೀ ತಡ್ಕೊಳ್ತೀರಿ?' ಅನ್ನುತ್ತಾರೆ.

ಇದು ಬರೀ ಅಭ್ಯಾಸವಾ? ಸ್ವಲ್ಪ ಮಟ್ಟಿಗೆ ಹೌದು. ಆದರೆ ಕಾರಣದ ದೊಡ್ಡ ಪಾಲು ಆ ದನಿಗಳು ತಯಾರಾಗುವ ರೀತಿಯಲ್ಲೇ ಇದೆ. ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಲೆಕ್ಕದಿಂದ ಹುಟ್ಟುವ ದನಿ

ಸುಮ್ನೆ ಹೀಗೆ ಮಾಡಿ ನೋಡಿ. ಒಂದೇ ಶ್ರುತಿಯಲ್ಲಿ 'ಆ' ಅನ್ನಿ. ಉಸಿರು ಕಡಿಯದೆ ಅದನ್ನೇ 'ಈ' ಮಾಡಿ. ಶ್ರುತಿ ಬದಲಾಗಲಿಲ್ಲ, ಗಂಟಲೂ ಅದೇ. ಆದರೂ ಅಕ್ಷರ ಬೇರೆ ಆಯಿತು. ಬದಲಾದದ್ದು ಬಾಯೊಳಗಿನ ಜಾಗದ ಆಕಾರ. ಒಂದೊಂದು ಆಕಾರ ಒಂದಷ್ಟು ಕಂಪನಗಳನ್ನು ಎತ್ತಿ ಹಿಡಿಯುತ್ತದೆ, ಉಳಿದದ್ದನ್ನು ಅದುಮುತ್ತದೆ. ಹೀಗೆ ಎದ್ದು ಕೇಳುವ ಕಂಪನಗಳಿಗೆ ಫಾರ್ಮೆಂಟ್ ಅಂತ ಹೆಸರು. ಗಂಡಸಿನ ದನಿಯ 'ಆ'ದಲ್ಲಿ ಮೊದಲ ಎರಡು ಫಾರ್ಮೆಂಟ್‌ಗಳು ಸುಮಾರು 700 ಮತ್ತು 1100 ಹರ್ಟ್ಸ್ (ಅಂದರೆ ಸೆಕೆಂಡಿಗೆ ಅಷ್ಟು ಕಂಪನ) ಆಸುಪಾಸು ಇರುತ್ತವೆ. 'ಈ'ಯಲ್ಲಿ ಸುಮಾರು 300 ಮತ್ತು 2300. ಈ ಎರಡು ಅಂಕಿ ಕೊಟ್ಟರೆ ಸಾಕು, ಯಂತ್ರ ಯಾವ ಸ್ವರ ಹೇಳುತ್ತಿದೆ ಅಂತ ನಮ್ಮ ಕಿವಿ ಗುರುತಿಸುತ್ತದೆ.

ರೋಬೋ ದನಿಯ ಮೂಲ ಇದೇ. ಅಲ್ಲಿ ಯಾರ ದನಿಯನ್ನೂ ರೆಕಾರ್ಡ್ ಮಾಡಿ ಹಾಗೇ ಬಳಸಿರುವುದಿಲ್ಲ. ಯಾವ ಅಕ್ಷರಕ್ಕೆ ಯಾವ ಫಾರ್ಮೆಂಟ್, ಎಷ್ಟು ಮಿಲಿಸೆಕೆಂಡ್, ಒಂದು ಅಕ್ಷರದಿಂದ ಇನ್ನೊಂದಕ್ಕೆ ಹೇಗೆ ಜಾರಬೇಕು ಅನ್ನುವ ನಿಯಮಗಳಿರುತ್ತವೆ. ಆ ನಿಯಮದ ಪ್ರಕಾರ ಶಬ್ದವನ್ನು ಆಗಿಂದಾಗಲೇ ಲೆಕ್ಕ ಹಾಕಿ ಹೊರಡಿಸುತ್ತಾರೆ. ಅಮೆರಿಕದ ಎಂಐಟಿಯಲ್ಲಿದ್ದ ಡೆನ್ನಿಸ್ ಕ್ಲಾಟ್ ಈ ಕೆಲಸದಲ್ಲಿ ದೊಡ್ಡ ಹೆಸರು. ಅವರ ಸಂಶೋಧನೆಯ ಮೇಲೆ 1980ರ ದಶಕದಲ್ಲಿ ಡೆಕ್‌ಟಾಕ್ ಅನ್ನುವ ಯಂತ್ರ ಬಂತು. ಅದರ ಮುಖ್ಯ ಗಂಡು ದನಿಗೆ ಕ್ಲಾಟ್ ತಮ್ಮ ದನಿಯನ್ನೇ ಮಾದರಿ ಮಾಡಿಕೊಂಡಿದ್ದರು.

ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರ ದನಿ ಅಂತ ಜಗತ್ತಿಗೆಲ್ಲ ಪರಿಚಯವಾದದ್ದು ಇದೇ ಮನೆತನದ್ದು. 1985ರಲ್ಲಿ ನ್ಯುಮೋನಿಯಾ ಆಗಿ, ಜೀವ ಉಳಿಸಲು ಗಂಟಲಿಗೆ ಶಸ್ತ್ರಚಿಕಿತ್ಸೆ ಮಾಡಿದಾಗ ಅವರ ಮಾತು ಪೂರ್ತಿ ನಿಂತಿತು. ಆಮೇಲೆ ಸಿಕ್ಕಿದ ಯಂತ್ರದ ದನಿಗೆ ಅಮೆರಿಕದ ಉಚ್ಚಾರ. ಹಾಕಿಂಗ್ ಇಂಗ್ಲೆಂಡಿನವರು. ಮುಂದೆ ಎಷ್ಟೋ ಒಳ್ಳೊಳ್ಳೆ ದನಿಗಳು ಬಂದವು, ಅವರು ಬದಲಾಯಿಸಲಿಲ್ಲ. ಅಷ್ಟು ಹೊತ್ತಿಗೆ ಅದು ಅವರದೇ ದನಿ ಆಗಿಬಿಟ್ಟಿತ್ತು. ಹಳೇ ಹಾರ್ಡ್‌ವೇರ್ ಕೈಕೊಡಬಹುದು ಅಂತ ಎಂಜಿನಿಯರುಗಳು ಅದೇ ದನಿಯನ್ನು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿಗೆ ಇಳಿಸಿಕೊಟ್ಟರು. ಅದು ಹಾಕಿಂಗ್ ಕೈಗೆ ಬಂದದ್ದು 2018ರ ಆರಂಭದಲ್ಲಿ, ಅವರು ತೀರಿಕೊಳ್ಳುವ ಕೆಲವೇ ವಾರಗಳ ಮುಂಚೆ.

ಇವತ್ತು ಕನ್ನಡದವರಿಗೆ ಹೆಚ್ಚು ಸಿಗುವ ರೋಬೋ ದನಿ ಈಸ್ಪೀಕ್. ಜೊನಾಥನ್ ಡಡಿಂಗ್‌ಟನ್ ಅನ್ನುವವರು ಶುರುಮಾಡಿದ್ದು. ಈಗ ಈಸ್ಪೀಕ್ ಎನ್‌ಜಿ ಹೆಸರಿನಲ್ಲಿ ಮುಂದುವರಿದಿದೆ. ಉಚಿತ, ಮುಕ್ತ. ಕನ್ನಡವೂ ಸೇರಿ ನೂರಕ್ಕೂ ಜಾಸ್ತಿ ಭಾಷೆ ಗೊತ್ತು. ಅಷ್ಟೆಲ್ಲ ಸೇರಿಯೂ ಕೆಲವೇ ಎಂಬಿ ಜಾಗ ಹಿಡಿಯುತ್ತದೆ. 2006ರಲ್ಲಿ ಶುರುವಾದ ಎನ್‌ವಿಡಿಎ ಅನ್ನುವ ಉಚಿತ ಸ್ಕ್ರೀನ್ ರೀಡರ್ ಜೊತೆಗೇ ಇದು ಬರುತ್ತದೆ.

ಎರಡನೇ ದಾರಿ ಜೋಡಿಸುವುದು. ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ನಂಬರ್ ಹೇಳುವುದನ್ನು ಕೇಳಿದ್ದೀರಲ್ಲ? ಒಂದೊಂದು ಅಂಕಿಯೂ ಬೇರೆ ಬೇರೆ ದಿನ ಹೇಳಿದ್ದು ಅನ್ನಿಸುತ್ತದೆ. ಮೊದಲೇ ರೆಕಾರ್ಡ್ ಮಾಡಿದ ತುಂಡುಗಳನ್ನು ಸಾಲಾಗಿ ಅಂಟಿಸುತ್ತಾರೆ. ಇದನ್ನೇ ಇನ್ನೂ ಸಣ್ಣ ತುಂಡುಗಳಲ್ಲಿ, ಅರ್ಧ ಅಕ್ಷರದ ಲೆಕ್ಕದಲ್ಲಿ ಮಾಡಿದರೆ ಯಾವ ವಾಕ್ಯ ಬೇಕಾದರೂ ಹೇಳಿಸಬಹುದು. ತುಂಡುಗಳು ಚೆನ್ನಾಗಿ ಕೂತರೆ ಮನುಷ್ಯರ ದನಿಯೇ. ಕೂರದಿದ್ದರೆ ಮಧ್ಯದಲ್ಲಿ ಮುಗ್ಗರಿಸುತ್ತದೆ.

ಮೂರನೆಯದು ಈಗಿನದು, ನ್ಯೂರಲ್. ಅಂದರೆ ಮಾತು ಕೇಳಿ ಕೇಳಿ ತಾನೇ ಕಲಿಯುವ ಕೃತಕ ಬುದ್ಧಿಮತ್ತೆ. 2016ರಲ್ಲಿ ಗೂಗಲ್ ಒಡೆತನದ ಡೀಪ್‌ಮೈಂಡ್‌ನವರು ವೇವ್‌ನೆಟ್ ತಂದರು. ಗಂಟೆಗಟ್ಟಲೆ ಮಾತು ಕೇಳಿಸಿಕೊಂಡು, ಒಂದು ಸೆಕೆಂಡಿಗೆ 16,000 ಚುಕ್ಕಿಗಳಂತೆ ಶಬ್ದದ ಅಲೆಯನ್ನೇ ಊಹಿಸಿ ಬರೆಯುವ ಮಾದರಿ ಅದು. ಮುಂದಿನ ವರ್ಷ ಗೂಗಲ್‌ನ ಟಾಕೋಟ್ರಾನ್ 2 ಬಂತು. ಜನರಿಗೆ ಕೇಳಿಸಿ 5ಕ್ಕೆ ಎಷ್ಟು ಅಂಕ ಕೊಡುತ್ತೀರಿ ಅಂದಾಗ ಅದಕ್ಕೆ 4.53 ಬಂತು. ವೃತ್ತಿಪರರು ಸ್ಟುಡಿಯೋದಲ್ಲಿ ಓದಿದ್ದಕ್ಕೆ 4.58. ಅಂದರೆ ಇಂಗ್ಲಿಷಿನ ಮಟ್ಟಿಗೆ ಮನುಷ್ಯರಿಗೂ ಯಂತ್ರಕ್ಕೂ ಇದ್ದ ಅಂತರ ಹೆಚ್ಚುಕಡಿಮೆ ಮುಗಿದಿತ್ತು.

ಮುಗಿದದ್ದು ಆ ಪರೀಕ್ಷೆಯ ಲೆಕ್ಕದಲ್ಲಿ ಮಾತ್ರ. ಕೆಲವು ಸೆಕೆಂಡಿನ ಒಂದು ವಾಕ್ಯ ಕೇಳಿಸಿ, ಎಷ್ಟು ಸಹಜ ಅಂತ ಕೇಳುವ ಪರೀಕ್ಷೆ ಅದು. ದಿನಕ್ಕೆ ಎಂಟು ಗಂಟೆ, ಮೂರು ಪಟ್ಟು ವೇಗದಲ್ಲಿ ಕೇಳಿದರೆ ಹೇಗಿರುತ್ತದೆ ಅಂತ ಅಲ್ಲಿ ಯಾರೂ ಕೇಳುವುದಿಲ್ಲ.

ಮೂರು ಪಟ್ಟು ವೇಗ

ನನ್ನ ಪರಿಚಯದವರೊಬ್ಬರು ಬ್ಯಾಂಕಿನಲ್ಲಿದ್ದಾರೆ. ಹುಟ್ಟಿನಿಂದ ಕಣ್ಣು ಕಾಣದು. ಅವರ ಹೆಡ್‌ಫೋನ್ ಕಿವಿಗಿಟ್ಟರೆ ನನಗೆ ಕೇಳುವುದು ಬರೀ ಪಟಪಟ ಸದ್ದು. ಭಾಷೆ ಯಾವುದು ಅಂತಲೂ ಗೊತ್ತಾಗುವುದಿಲ್ಲ. ಅವರು ಆರೋ ಕೀ ಒತ್ತುತ್ತಾ ಹೋಗುತ್ತಾರೆ. ಒಂದೊಂದು ಒತ್ತಿಗೂ ದನಿ ಅರ್ಧಕ್ಕೇ ಕತ್ತರಿಸಿ ಮುಂದಿನ ಸಾಲಿಗೆ ಹಾರುತ್ತದೆ. ಸಾಲಿನ ಮೊದಲೆರಡು ಅಕ್ಷರ ಕಿವಿಗೆ ಬಿದ್ದರೆ ಸಾಕು, ಇದು ಬೇಡದ್ದು ಅಂತ ಅವರಿಗೆ ತಿಳಿದುಹೋಗಿರುತ್ತದೆ. ನಾವು ಪುಟದ ಮೇಲೆ ಕಣ್ಣಾಡಿಸುವುದನ್ನು ಅವರು ಕಿವಿಯಲ್ಲಿ ಮಾಡುತ್ತಾರೆ.

ಈ ವೇಗಕ್ಕೆ ಆಧಾರವೂ ಇದೆ. ಸಾಮಾನ್ಯವಾಗಿ ನಾವು ಮಾತಾಡುವಾಗ ಸೆಕೆಂಡಿಗೆ ನಾಲ್ಕರಿಂದ ಆರು ಅಕ್ಷರದಷ್ಟು ಹೇಳುತ್ತೇವೆ. ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ನಡೆದ ಸಂಶೋಧನೆಯಲ್ಲಿ, ಅಭ್ಯಾಸ ಇರುವ ಅಂಧರು ಸೆಕೆಂಡಿಗೆ ಸುಮಾರು 22 ಅಕ್ಷರಗಳವರೆಗೂ ಅರ್ಥ ಮಾಡಿಕೊಂಡರು. ಕಣ್ಣಿರುವ, ಅಭ್ಯಾಸವಿಲ್ಲದವರ ಮಿತಿ 8ರ ಆಸುಪಾಸು. ಇನ್ನೂ ಕುತೂಹಲದ ವಿಷಯ ಏನೆಂದರೆ, ಆ ವೇಗದಲ್ಲಿ ಕೇಳುವಾಗ ಅವರ ಮಿದುಳಿನಲ್ಲಿ ನೋಟಕ್ಕೆ ಮೀಸಲಾದ ಭಾಗವೂ ಕೆಲಸಕ್ಕೆ ಇಳಿದಿತ್ತು.

ವೇಗವನ್ನು ನಿಮಿಷಕ್ಕೆ ಇಷ್ಟು ಪದ ಅಂತ ಅಳೆಯುವುದು ಇಂಗ್ಲಿಷಿನ ರೂಢಿ. ಕನ್ನಡಕ್ಕೆ ಅದು ಅಷ್ಟಾಗಿ ಹೊಂದುವುದಿಲ್ಲ. 'ಮಾಡಬೇಕಾಗಿದ್ದರಿಂದ' ಅನ್ನುವುದು ನಮಗೆ ಒಂದೇ ಪದ. ಎಂಟು ಅಕ್ಷರ.

ಇಷ್ಟು ವೇಗದಲ್ಲಿ ಸಹಜ ದನಿ ಯಾಕೆ ಸೋಲುತ್ತದೆ? ಸಹಜ ಅನ್ನಿಸುವುದಕ್ಕೆ ಕಾರಣವೇ ನಾವು ಮಾತಾಡುವಾಗ ಮಾಡುವ ಸೋಮಾರಿತನ. ಅಕ್ಷರಗಳನ್ನು ಒಂದರೊಳಗೊಂದು ಸೇರಿಸುತ್ತೇವೆ. ಪದದ ಕೊನೆಯನ್ನು ನುಂಗುತ್ತೇವೆ. ಮುಖ್ಯವಲ್ಲದ ಪದವನ್ನು ಗೊಣಗಿ ಮುಗಿಸುತ್ತೇವೆ. ಮಾಮೂಲಿ ವೇಗದಲ್ಲಿ ಕೇಳುವವರ ಮಿದುಳು ಆ ಖಾಲಿ ಜಾಗಗಳನ್ನು ತುಂಬಿಕೊಳ್ಳುತ್ತದೆ. ಮೂರು ಪಟ್ಟು ವೇಗದಲ್ಲಿ ತುಂಬಿಕೊಳ್ಳುವುದಕ್ಕೆ ಪುರುಸೊತ್ತೇ ಇರುವುದಿಲ್ಲ. ರೋಬೋ ದನಿ ಹಾಗಲ್ಲ. ಅದು ಯಾವ ಅಕ್ಷರವನ್ನೂ ನುಂಗುವುದಿಲ್ಲ. ನಿನ್ನೆ 'ಕ' ಹೇಗಿತ್ತೋ ಇವತ್ತೂ ಹಾಗೇ, ಸಾಲಿನ ಮೊದಲಲ್ಲಿ ಹೇಗೋ ಕೊನೆಯಲ್ಲೂ ಹಾಗೇ. ಕೇಳಲು ನೀರಸ ಅನ್ನಿಸುವ ಇದೇ ಗುಣ ವೇಗ ಹೆಚ್ಚಿದಾಗ ಕೈಹಿಡಿಯುತ್ತದೆ.

ಇನ್ನೊಂದು ಸೂಕ್ಷ್ಮವೂ ಇದೆ. ರೆಕಾರ್ಡ್ ಮಾಡಿದ ಅಥವಾ ನ್ಯೂರಲ್ ದನಿಯನ್ನು ವೇಗ ಮಾಡುವುದೆಂದರೆ ಸಾಮಾನ್ಯವಾಗಿ ತಯಾರಾದ ಅಲೆಯನ್ನು ಒಂದೇ ಸಮ ಹಿಂಡುವುದು. ಲೆಕ್ಕದ ದನಿಯಲ್ಲಾದರೆ ಪ್ರತಿ ಅಕ್ಷರದ ಉದ್ದವನ್ನೂ ಹೊಸದಾಗಿ ನಿರ್ಧರಿಸಬಹುದು. ಸ್ವರವನ್ನು ಜಾಸ್ತಿ ಕುಗ್ಗಿಸಿ, 'ಟ', 'ಪ'ಗಳ ಸಿಡಿತವನ್ನು ಹಾಗೇ ಉಳಿಸಬಹುದು. ಕನ್ನಡಕ್ಕೆ ಇದು ಚಿಕ್ಕ ವಿಷಯವಲ್ಲ. ನಮ್ಮಲ್ಲಿ ಉದ್ದದಲ್ಲೇ ಅರ್ಥ ಇದೆ. ಹಳೆ, ಹಾಳೆ. ಕೊಡು, ಕೋಡು. ಕತೆ, ಕತ್ತೆ. 'ಮಂತ್ರಿಗಳು ಬಂದಿದ್ದಾರೆ', 'ಮಂತ್ರಿಗಳು ಬಂದಿದ್ದರೆ': ವ್ಯತ್ಯಾಸ ಒಂದು ದೀರ್ಘದ್ದು, ಹತ್ತಾರು ಮಿಲಿಸೆಕೆಂಡಿನದು. ಎಲ್ಲವನ್ನೂ ಒಂದೇ ಸಮ ಹಿಂಡಿದರೆ ಮೊದಲು ಮಾಯವಾಗುವುದು ಇದೇ.

ಇನ್ನು ಪ್ರತಿಕ್ರಿಯೆಯ ಮಾತು. ಟೈಪ್ ಮಾಡುವಾಗ ಒಂದೊಂದು ಅಕ್ಷರ ಒತ್ತಿದಾಗಲೂ ಸ್ಕ್ರೀನ್ ರೀಡರ್ ಅದನ್ನು ಹೇಳಬೇಕು. ಈಸ್ಪೀಕ್ ತರಹದ್ದು ಒತ್ತಿದ ಕ್ಷಣವೇ ಹೇಳುತ್ತದೆ. ದೊಡ್ಡ ನ್ಯೂರಲ್ ದನಿ ಒಂದಿಷ್ಟು ಲೆಕ್ಕ ಮಾಡಿಕೊಳ್ಳಬೇಕು. ಕೆಲವಕ್ಕಂತೂ ವಾಕ್ಯ ಇಂಟರ್ನೆಟ್ ಮೂಲಕ ದೂರದ ಸರ್ವರಿಗೆ ಹೋಗಿ ದನಿಯಾಗಿ ವಾಪಸ್ ಬರಬೇಕು. ಅರ್ಧ ಸೆಕೆಂಡ್ ತಡ ಅಂದರೆ ಏನೂ ಅಲ್ಲ ಅನ್ನಿಸುತ್ತದೆ. ಅಕೌಂಟ್ ನಂಬರಿನ ಒಂದೊಂದು ಅಂಕಿಗೂ ಅರ್ಧ ಸೆಕೆಂಡ್ ಕಾಯಿರಿ ನೋಡೋಣ. ಅದೂ ಅಲ್ಲದೆ ಬ್ಯಾಂಕಿನ ಮೆಸೇಜು, ಒಟಿಪಿ, ಆಸ್ಪತ್ರೆಯ ರಿಪೋರ್ಟು ಇವನ್ನೆಲ್ಲ ಓದಿಸುವುದಕ್ಕೆ ಹೊರಗಿನ ಸರ್ವರಿಗೆ ಕಳಿಸಬೇಕಾ ಅನ್ನುವ ಪ್ರಶ್ನೆ ಬೇರೆ.

ಇಂಗ್ಲಿಷಿನಲ್ಲಿ ಈ ಬಗೆಯ ಬಳಕೆದಾರರ ಅಚ್ಚುಮೆಚ್ಚು ಎಲೋಕ್ವೆನ್ಸ್ ಅನ್ನುವ ರೋಬೋ ದನಿ. 1990ರ ದಶಕದ್ದು. ಆಪಲ್ 2022ರಲ್ಲಿ ಐಫೋನಿನ ಐಓಎಸ್ 16ರಲ್ಲಿ ಅದನ್ನು ಸೇರಿಸಿತು. ಒಂದು ಕಡೆ ನ್ಯೂರಲ್ ದನಿಗಳ ಪೈಪೋಟಿ ನಡೆಯುತ್ತಿರುವಾಗ ಕಾಲು ಶತಮಾನ ಹಳೆಯ ದನಿಯೊಂದನ್ನು ಹೊಸ ಫೋನಿಗೆ ತಂದು ಹಾಕಿದ್ದು ಸುಮ್ಮನೆ ಅಲ್ಲ. ಕೇಳುವವರು ಇದ್ದರು. ಎಲೋಕ್ವೆನ್ಸ್‌ಗೆ ಕನ್ನಡ ಬರುವುದಿಲ್ಲ. ಹಾಗಾಗಿ ನಮ್ಮವರು ಇಂಗ್ಲಿಷಿಗೆ ಒಂದು ದನಿ, ಕನ್ನಡಕ್ಕೆ ಇನ್ನೊಂದು ಇಟ್ಟುಕೊಳ್ಳಬೇಕು.

ಹೊಸಬರ ಕಿವಿ ಬೇರೆ

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ರೋಬೋ ದನಿಯೇ ಮೇಲು ಅಂತ ಅಲ್ಲ. ಅಭ್ಯಾಸ ಇಲ್ಲದವರಿಗೆ ಅದು ನಿಜವಾಗಿಯೂ ಕಷ್ಟ. 1980ರ ದಶಕದಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಪಿಸೋನಿ ಮತ್ತು ಜೊತೆಗಾರರು ಇದನ್ನು ಚೆನ್ನಾಗಿ ಪರೀಕ್ಷಿಸಿದ್ದಾರೆ. ಯಂತ್ರದ ದನಿ ಕೇಳುವಾಗ ಜನ ಹೆಚ್ಚು ತಪ್ಪು ಮಾಡುತ್ತಿದ್ದರು, ತಲೆಗೂ ಹೆಚ್ಚು ಕೆಲಸ ಬೀಳುತ್ತಿತ್ತು. ಆದರೆ ಕೆಲವು ದಿನ ತರಬೇತಿ ಕೊಟ್ಟರೆ ಕಿವಿ ಪಳಗುತ್ತಿತ್ತು.

ಹಾಗಾಗಿ ವಯಸ್ಸಾದ ಮೇಲೆ ದೃಷ್ಟಿ ಕಡಿಮೆಯಾದವರಿಗೆ ಮೊದಲ ದಿನವೇ ಈಸ್ಪೀಕ್ ಕೇಳಿಸುವುದು ಶುದ್ಧ ದಡ್ಡತನ. ಕಣ್ಣು ಮಂಜಾಗುತ್ತಿರುವ ಬೇಸರದಲ್ಲಿ ಇರುವವರಿಗೆ ತಗಡಿನ ಡಬ್ಬಿಯೊಳಗಿನಿಂದ ಬಂದ ಮಾತು ಯಾಕೆ ಬೇಕು? ಅವರು ಕೇಳುವುದು ನಿಧಾನವಾಗಿ, ದಿನಕ್ಕೆ ಸ್ವಲ್ಪ ಹೊತ್ತು. ಪೇಪರ್ ಓದಿಸಬೇಕು, ಮಗಳ ವಾಟ್ಸಾಪ್ ಮೆಸೇಜ್ ಕೇಳಬೇಕು. ಅದಕ್ಕೆ ಸಹಜ ದನಿಯೇ ಸರಿ. ಮೈಕ್ರೋಸಾಫ್ಟ್‌ನ ಸಪ್ನಾ, ಗಗನ್ ಅನ್ನುವ ನ್ಯೂರಲ್ ದನಿಗಳು ಕನ್ನಡದಲ್ಲೇ ಇವೆ. ಗೂಗಲ್‌ನವರದ್ದೂ ಇದೆ. ಬೆಂಗಳೂರಿನ ಐಐಎಸ್‌ಸಿ, ಮದ್ರಾಸಿನ ಐಐಟಿಯಂಥ ಕಡೆ ಕನ್ನಡದ ದನಿಗಾಗಿ ವರ್ಷಗಟ್ಟಲೆ ಕೆಲಸ ನಡೆದಿದೆ. ಹತ್ತು ವರ್ಷದ ಹಿಂದಿನ ಸ್ಥಿತಿಗೆ ಹೋಲಿಸಿದರೆ ಇದು ಸಣ್ಣ ಮಾತಲ್ಲ.

ಆದರೆ ಸಹಜ ದನಿಗೂ ಅದರದೇ ರೋಗಗಳಿವೆ. ನ್ಯೂರಲ್ ಮಾದರಿ ಊಹೆಯ ಮೇಲೆ ನಡೆಯುತ್ತದೆ. ಕೆಲವು ಮಾದರಿಗಳು ಉದ್ದನೆಯ ವಾಕ್ಯದಲ್ಲಿ ಒಂದು ಪದ ಹಾರಿಸುತ್ತವೆ ಅಥವಾ ಒಂದನ್ನೇ ಎರಡು ಸಲ ಹೇಳುತ್ತವೆ. ಅದೂ ಎಷ್ಟು ನಯವಾಗಿ ಅಂದರೆ, ತಪ್ಪಾಯಿತು ಅಂತ ಕೇಳುವವರಿಗೆ ಅನುಮಾನವೇ ಬರುವುದಿಲ್ಲ. ರೋಬೋ ದನಿ ತಪ್ಪು ಮಾಡಿದರೆ ತಪ್ಪು ಅಂತ ಗೊತ್ತಾಗುತ್ತದೆ. ಅದೇ ತಪ್ಪನ್ನು ಪ್ರತಿ ಸಲವೂ ಮಾಡುತ್ತದೆ. ಹಾಗಾಗಿ ಕಿವಿ ತಾನೇ ತಿದ್ದಿಕೊಳ್ಳುತ್ತದೆ.

ನಾನು ಬರೆದದ್ದನ್ನು ಕಳಿಸುವ ಮುಂಚೆ ಒಂದು ಸಲ ಈಸ್ಪೀಕ್‌ನಲ್ಲಿ ಓದಿಸುವುದು ಇದೇ ಕಾರಣಕ್ಕೆ. 'ಮಾಡಿದ್ದೆ' ಅನ್ನುವ ಕಡೆ 'ಮಾಡಿದೆ' ಬಿದ್ದಿದ್ದರೆ, 'ಒಂದು ಒಂದು' ಅಂತ ಎರಡು ಸಲ ಬಂದಿದ್ದರೆ ಅದು ಯಾವ ಮುಲಾಜೂ ಇಲ್ಲದೆ ಇದ್ದದ್ದನ್ನು ಇದ್ದ ಹಾಗೆ ಓದುತ್ತದೆ. ಸಹಜ ದನಿ ಓದಿದರೆ ನನ್ನ ಬರಹ ಇರುವುದಕ್ಕಿಂತ ಚೆನ್ನಾಗಿ ಕೇಳಿಸುತ್ತದೆ. ತಿದ್ದುವಾಗ ಅದು ಬೇಡ.

ಬ್ಯಾಂಕು, ವ್ಯಾಪಾರ ಮತ್ತು ಡಾ. ರಾಜ್‌ಕುಮಾರ್ ರಸ್ತೆ

ಕನ್ನಡ ಬರೆದಂತೆ ಓದುವ ಭಾಷೆ ಅಂತ ನಾವೆಲ್ಲ ಹೇಳುತ್ತೇವೆ. ಯಂತ್ರಕ್ಕೆ ಓದಲು ಕಲಿಸಲು ಹೊರಟರೆ ಈ ಮಾತು ಎಷ್ಟು ಸಡಿಲ ಅಂತ ಗೊತ್ತಾಗುತ್ತದೆ.

'ವ್ಯಾಪಾರ' ಮತ್ತು 'ಬ್ಯಾಂಕ್' ಎರಡನ್ನೂ ನೋಡಿ. ಎರಡರಲ್ಲೂ ಯ ಒತ್ತು, ಎರಡರಲ್ಲೂ ದೀರ್ಘ. ಒಂದರಲ್ಲಿ 'ಯಾ' ಅಂತಲೇ ಹೇಳುತ್ತೇವೆ. ಇನ್ನೊಂದರಲ್ಲಿ ಬಾಯಿ ಅಗಲಿಸಿ ಬೇರೆಯೇ ಸ್ವರ ತೆಗೆಯುತ್ತೇವೆ. ಈ ವ್ಯತ್ಯಾಸ ಬರಹದಲ್ಲಿ ಇಲ್ಲ. ನಿಯಮದ ಮೇಲೆ ನಡೆಯುವ ಎಂಜಿನ್‌ಗೆ ಯಾರೂ ಹೇಳಿಕೊಡದಿದ್ದರೆ ಬ್ಯಾಂಕು ಕೂಡ ವ್ಯಾಪಾರದ ಹಾಗೇ 'ಬ್‌ಯಾಂಕು' ಆಗುತ್ತದೆ. 'ಫಲ'ದ ಫ, 'ಫ್ಯಾನ್'ನ ಫ ಕತೆಯೂ ಅಷ್ಟೇ. ನಮ್ಮಲ್ಲೇ ಎಷ್ಟೋ ಜನ ಫಲವನ್ನೂ ಫ್ಯಾನಿನ ಫದಲ್ಲೇ ಹೇಳುತ್ತಾರೆ, ಅದು ಬೇರೆ ಮಾತು.

ಅಂಕಿ ಬಂದರೆ ಇನ್ನೂ ಮಜಾ. '5ಕ್ಕೆ' ಅಂತ ಬರೆದರೆ ನಾವು 'ಐದಕ್ಕೆ' ಅಂತ ಓದುತ್ತೇವೆ. '2016ರಲ್ಲಿ' ಅಂದರೆ 'ಎರಡು ಸಾವಿರದ ಹದಿನಾರರಲ್ಲಿ'. ಹದಿನಾರು ಇದ್ದದ್ದು ಹದಿನಾರ ಆಯಿತು, ಆಮೇಲೆ ರಲ್ಲಿ ಸೇರಿತು. ಇದನ್ನು ಕಲಿಸದಿದ್ದರೆ ಯಂತ್ರ 'ಐದು, ಕ್ಕೆ' ಅಂತ ಬಿಕ್ಕುತ್ತದೆ. ಚುಕ್ಕಿಯೂ ತಲೆನೋವೇ. 'ಡಾ. ರಾಜ್‌ಕುಮಾರ್ ರಸ್ತೆ' ಅಂದಾಗ 'ಡಾ' ಹೇಳಿ, ವಾಕ್ಯ ಮುಗಿಯಿತು ಅಂತ ಉಸಿರು ತೆಗೆದುಕೊಂಡು, ಆಮೇಲೆ ರಾಜ್‌ಕುಮಾರ್‌ಗೆ ಬರುವ ದನಿಗಳುಂಟು. ಇನಿಷಿಯಲ್ ಇರುವ ಹೆಸರುಗಳ ಪಾಡು ಕೇಳಲೇಬೇಡಿ.

ಗಮನಿಸಿ, ಇವು ದನಿಯ ದೋಷಗಳಲ್ಲ. ದನಿ ಹೊರಡುವ ಮುಂಚೆ, ಬರಹವನ್ನು ಉಚ್ಚಾರಕ್ಕೆ ಬಿಡಿಸುವ ಹಂತದಲ್ಲಿ ಆಗುವ ತಪ್ಪುಗಳು. ಹಾಗಾಗಿ ನ್ಯೂರಲ್ ದನಿಯಲ್ಲೂ ಬರಬಹುದು, ರೋಬೋದಲ್ಲೂ ಬರಬಹುದು. ಕನ್ನಡದ ದನಿ ಚೆನ್ನಾಗಿಲ್ಲ ಅಂತ ಬೈಯುವಾಗ ನಾವು ಬಹಳ ಸಲ ಬೈಯುತ್ತಿರುವುದು ಈ ಹಂತವನ್ನೇ. ಕಂಠ ಎಷ್ಟೇ ಇಂಪಾಗಿರಲಿ, 'ಐದು ಕ್ಕೆ' ಅಂದರೆ ಮುಗಿಯಿತಲ್ಲ.

ಭಾವ ಯಾರು ಹಾಕಬೇಕು?

ಕೆಲಸದ ವಿಷಯ ಬಿಟ್ಟು ಓದಿನ ಖುಷಿಗೆ ಬಂದರೆ ಜನ ಇನ್ನೂ ಸ್ಪಷ್ಟವಾಗಿ ಎರಡಾಗುತ್ತಾರೆ. ಕತೆ, ಕಾದಂಬರಿಗೆ ಮನುಷ್ಯರ ದನಿಯೇ ಬೇಕು ಅನ್ನುವವರು ಒಂದು ಕಡೆ. ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳ ಟಾಕಿಂಗ್ ಬುಕ್ ಲೈಬ್ರರಿಗಳು ನಿಂತಿರುವುದೇ ಹೀಗೆ ಓದಿ ರೆಕಾರ್ಡ್ ಮಾಡಿಕೊಡುವವರ ಮೇಲೆ. ಒಬ್ಬ ಒಳ್ಳೆಯ ಓದುಗ ಸಿಕ್ಕರೆ ಕತೆಗೆ ಜೀವ ಬರುತ್ತದೆ ಅನ್ನುವುದರಲ್ಲಿ ಎರಡು ಮಾತಿಲ್ಲ.

ಇನ್ನೊಂದು ಕಡೆಯವರ ವಾದ ಬೇರೆ. ಅವರಿಗೆ ರೋಬೋ ದನಿ ಅಂದರೆ ಪುಸ್ತಕದ ಅಚ್ಚಿನ ಅಕ್ಷರ ಇದ್ದ ಹಾಗೆ. ಅಚ್ಚಿನ ಅಕ್ಷರ ಅಳುವುದಿಲ್ಲ, ನಗುವುದಿಲ್ಲ. ಸಾವಿನ ಸುದ್ದಿಗೂ ಮದುವೆ ಸುದ್ದಿಗೂ ಅದೇ ಆಕಾರ. ಭಾವ ಓದುವವರ ತಲೆಯಲ್ಲಿ ಹುಟ್ಟುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಅಕ್ಷರ ಕಾಣುವುದೇ ಇಲ್ಲ, ಕತೆ ಮಾತ್ರ ಕಾಣುತ್ತದೆ. ಪಳಗಿದ ಕಿವಿಗೆ ರೋಬೋ ದನಿಯೂ ಹಾಗೇ ಮರೆಯಾಗುತ್ತದೆ ಅನ್ನುತ್ತಾರೆ. ಸಹಜ ದನಿ ಮರೆಯಾಗುವುದಿಲ್ಲ. ಅಲ್ಲಿ ಯಾರೋ ಒಬ್ಬರು ಕೂತು ಓದುತ್ತಿದ್ದಾರೆ. ಎಲ್ಲಿ ಒತ್ತು ಕೊಡಬೇಕು, ಎಲ್ಲಿ ದನಿ ಇಳಿಸಬೇಕು ಅಂತ ಅವರೇ ತೀರ್ಮಾನ ಮಾಡುತ್ತಾರೆ. ಮನುಷ್ಯರಾದರೆ ಕತೆ ಓದಿಕೊಂಡು, ಅರ್ಥ ಮಾಡಿಕೊಂಡು ತೀರ್ಮಾನ ಮಾಡಿರುತ್ತಾರೆ. ನ್ಯೂರಲ್ ದನಿ ಹಿಂದೆ ಕೇಳಿದ ಮಾತಿನ ಧಾಟಿಯನ್ನು ಇಲ್ಲಿಗೂ ಹಚ್ಚುತ್ತದೆ. ಜಾಹೀರಾತಿನ ಉತ್ಸಾಹದಲ್ಲಿ ಶ್ರದ್ಧಾಂಜಲಿ ಓದಿದರೆ ಹೇಗಿರುತ್ತದೆ? ಸಪಾಟಾಗಿ ಓದಿದ್ದರೆ ಯಾರಿಗೂ ನೋವಾಗುತ್ತಿರಲಿಲ್ಲ.

ನನಗೆ ಈ ವಾದ ಒಪ್ಪಿಗೆ. ಪದ್ಯದ ವಿಷಯದಲ್ಲಿ ಮಾತ್ರ ಇಲ್ಲ. ಲಯ ಗೊತ್ತಿಲ್ಲದ ಯಂತ್ರ ಷಟ್ಪದಿ ಓದುವುದನ್ನು ಕೇಳುವ ಬದಲು ಸುಮ್ಮನಿರುವುದು ವಾಸಿ.

ಸಹಜತೆಗೆ ಇನ್ನೊಂದು ಮುಖವೂ ಇದೆ, ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. 2018ರಲ್ಲಿ ಗೂಗಲ್ ಡ್ಯೂಪ್ಲೆಕ್ಸ್ ಅನ್ನುವುದನ್ನು ತೋರಿಸಿತು. ಯಂತ್ರವೇ ಸಲೂನಿಗೆ ಫೋನ್ ಮಾಡಿ, ನಡುನಡುವೆ 'ಹ್ಞಾಂ', 'ಅಂ' ಅನ್ನುತ್ತಾ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿತ್ತು. ಆ ಕಡೆ ಇದ್ದವರಿಗೆ ಅದು ಯಂತ್ರ ಅಂತ ಗೊತ್ತಾಗಲಿಲ್ಲ. ಜನ ತಕರಾರು ತೆಗೆದ ಮೇಲೆ, ಕರೆ ಮಾಡುವಾಗ ಯಂತ್ರ ಅಂತ ಹೇಳಿಸುತ್ತೇವೆ ಅಂತ ಗೂಗಲ್ ಹೇಳಬೇಕಾಯಿತು. ರೋಬೋ ದನಿಗೆ ಈ ರಗಳೆ ಇಲ್ಲ. ಬಾಯಿ ಬಿಟ್ಟ ಕೂಡಲೇ ತಾನು ಯಾರು ಅಂತ ಹೇಳಿಬಿಡುತ್ತದೆ.

ಒಂದೇ ದನಿ ಯಾಕೆ?

ಇಷ್ಟು ನೋಡಿದ ಮೇಲೆ, ಯಾವುದು ಒಳ್ಳೆಯದು ಅನ್ನುವ ಪ್ರಶ್ನೆಯೇ ಸರಿ ಇಲ್ಲ ಅನ್ನಿಸುತ್ತದೆ. ಯಾವ ಕೆಲಸಕ್ಕೆ, ಎಷ್ಟು ಹೊತ್ತು, ಎಷ್ಟು ವೇಗದಲ್ಲಿ ಅಂತ ಕೇಳಬೇಕು. ಬಳಸುವವರು ಇದನ್ನು ಯಾವಾಗಲೋ ಕಂಡುಕೊಂಡಿದ್ದಾರೆ. ಎನ್‌ವಿಡಿಎಯಲ್ಲಿ ಪ್ರೊಫೈಲ್ ಅನ್ನುವ ಸೌಲಭ್ಯ ಇದೆ. ಮೆನು, ಫೈಲು, ಟೈಪಿಂಗ್ ಇವಕ್ಕೆಲ್ಲ ಒಂದು ದನಿ ಇಟ್ಟು, ಪೂರ್ತಿ ಲೇಖನವನ್ನು ಒಂದೇ ಸಮ ಓದಿಸುವಾಗ ಮಾತ್ರ ಇನ್ನೊಂದು ದನಿ ತಾನಾಗೇ ಬರುವ ಹಾಗೆ ಮಾಡಬಹುದು. ಓಡಾಟಕ್ಕೆ ರೋಬೋ, ಕೂತು ಕೇಳುವುದಕ್ಕೆ ಸಹಜ ದನಿ. ಒಂದೊಂದು ಆ್ಯಪ್‌ಗೂ ಬೇರೆ ಬೇರೆ ಇಡಬಹುದು.

ಕನ್ನಡದ ಮಟ್ಟಿಗೆ ನನ್ನ ಆಸೆ ಒಂದಿದೆ. ಸಹಜ ದನಿಗೆ ಈಗ ದುಡ್ಡೂ ಇದೆ, ಜನವೂ ಇದ್ದಾರೆ. ವೇಗವಾಗಿ ಓದಬಲ್ಲ, ಹಳೇ ಕಂಪ್ಯೂಟರಿನಲ್ಲೂ ನೆಟ್ ಇಲ್ಲದೆ ನಡೆಯಬಲ್ಲ ಲೆಕ್ಕದ ದನಿಗೆ ಅಷ್ಟು ಗಮನ ಸಿಗುತ್ತಿಲ್ಲ. ಅದನ್ನು ಸುಧಾರಿಸಲು ಸೂಪರ್ ಕಂಪ್ಯೂಟರ್ ಏನೂ ಬೇಡ. ಈಸ್ಪೀಕ್ ಎನ್‌ಜಿಯಲ್ಲಿ ಕನ್ನಡದ ಉಚ್ಚಾರದ ನಿಯಮಗಳು ಒಂದು ಫೈಲಿನಲ್ಲಿವೆ, ನಿಯಮಕ್ಕೆ ಹೊಂದದ ಪದಗಳ ಪಟ್ಟಿ ಇನ್ನೊಂದರಲ್ಲಿದೆ. ಎರಡೂ ಮಾಮೂಲಿ ಟೆಕ್ಸ್ಟ್ ಫೈಲುಗಳು, ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದುಪಡಿ ಕಳಿಸಬಹುದು. ಕೋಡಿಂಗ್ ಜಾಸ್ತಿ ಬರಬೇಕಾಗಿಲ್ಲ. ಕನ್ನಡ ಚೆನ್ನಾಗಿ ಕೇಳುವ ಕಿವಿ ಇರಬೇಕು, ಮತ್ತೆ 'ಬ್ಯಾಂಕ್', 'ಮ್ಯಾಪ್', 'ಕ್ಯಾಮೆರಾ' ಅಂತ ಪಟ್ಟಿ ಮಾಡುತ್ತಾ ಕೂರುವ ತಾಳ್ಮೆ. ಅಲ್ಲಿಯವರೆಗೆ ನಿಮ್ಮ ಕಂಪ್ಯೂಟರಿನ ಮಟ್ಟಿಗಾದರೂ ಸರಿಮಾಡಿಕೊಳ್ಳಬೇಕು ಅಂದರೆ, ಎನ್‌ವಿಡಿಎಯ ಸ್ಪೀಚ್ ಡಿಕ್ಷನರಿಯಲ್ಲಿ 'ಡಾ.' ಅಂತ ಬಂದರೆ 'ಡಾಕ್ಟರ್' ಅನ್ನು ಅಂತ ಒಂದು ಸಾಲು ಸೇರಿಸಿ. ಎರಡು ನಿಮಿಷದ ಕೆಲಸ.